ಒಂದಕ್ಷರದ 'ಬೈ', ನೂರೆಂಟು ಅರ್ಥ: ಮಕ್ಕಳಿಗೆ ಹೇಗೆ ಹೇಳಿಕೊಡೋದು?

ತುಮಕೂರು ಮೇಷ್ಟ್ರು:
ಸಂಜೆ ಹೊತ್ತು ಹತ್ತನೇ ಕ್ಲಾಸು, ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ಕನ್ನಡ ಮೀಡಿಯಂ ಮಕ್ಕಳೇ ಜಾಸ್ತಿ. ಇನ್, ಆನ್, ಅಟ್ ಇವನ್ನೆಲ್ಲ ಹೇಗೋ ದಾಟಿಸಬಹುದು. ಈ 'ಬೈ' ಮಾತ್ರ ಹದಕ್ಕೆ ಬರ್ತಿಲ್ಲ.

ಗೈಡಿನಲ್ಲಿ 'ಬೈ ಅಂದರೆ ಇಂದ' ಅಂತ ಒಂದೇ ಸಾಲು ಇದೆ. ಅದನ್ನೇ ನಂಬಿಕೊಂಡು ಮಕ್ಕಳು ಬರೆಯುವುದು ಹೀಗೆ: 'ಐ ಕಟ್ ದ ಮ್ಯಾಂಗೊ ಬೈ ನೈಫ್.' 'ಐ ಆ್ಯಮ್ ಸಫರಿಂಗ್ ಬೈ ಫೀವರ್.' 'ಐ ಆ್ಯಮ್ ವೇಟಿಂಗ್ ಬೈ ಮಾರ್ನಿಂಗ್.' ಕನ್ನಡದ ಲೆಕ್ಕದಲ್ಲಿ ಮೂರೂ ಸರಿ. ಚಾಕುವಿನಿಂದ, ಜ್ವರದಿಂದ, ಬೆಳಗ್ಗೆಯಿಂದ. ಇಂಗ್ಲಿಷಿನಲ್ಲಿ ಮೂರೂ ತಪ್ಪು. ಒಂದಕ್ಕೆ ವಿತ್, ಇನ್ನೊಂದಕ್ಕೆ ಫ್ರಮ್, ಮತ್ತೊಂದಕ್ಕೆ ಸಿನ್ಸ್.

ಇನ್ನು ಉಲ್ಟಾ ನೋಡಿ. 'ಬೈ ದ ವಿಂಡೋ', 'ಬೈ ಫ್ರೈಡೇ', 'ಬೈ ಬಸ್', 'ಬೈ ಟೆನ್ ಪರ್ಸೆಂಟ್'. ಇವಕ್ಕೆ 'ಇಂದ' ಹಚ್ಚಿದರೆ ಒಂದೂ ಕೂರುವುದಿಲ್ಲ. ಬಸ್ಸಿಂದ ಬಂದೆ ಅಂದರೆ ಬಸ್ಸಿಳಿದು ಬಂದೆ ಅಂತ ಆಗುತ್ತೆ, ಅಲ್ವಾ?

ಎಲ್ಲಕ್ಕೂ ಸೇರಿ ಒಂದು ಸೂತ್ರ ಇದ್ಯಾ? ಇಲ್ಲಾ ಸುಮ್ನೆ ಬೈಹಾರ್ಟ್ ಮಾಡಿಸಿಬಿಡಲಾ?

ಎರಡು ಲೋಟ:
ಬೆಂಗಳೂರಲ್ಲಿ 'ಬೈ'ಗೆ ಒಂದೇ ಅರ್ಥ ಸಾರ್. ಒಂದು ಕಾಫಿ, ಇಬ್ಬರು ಗಿರಾಕಿ.

ಹಾಸನದ ಹುಡುಗಿ:
ನಮ್ಮನೇಲೂ ಒಂದೇ ಅರ್ಥ. ರಾತ್ರಿ ಒಂಬತ್ತು ದಾಟಿದ ಮೇಲೆ ಮನೆಗೆ ಹೋದರೆ ಅಮ್ಮ ಅದನ್ನೇ ಮಾಡೋದು.

ನಿವೃತ್ತ ಗುಮಾಸ್ತ:
ಮೇಷ್ಟ್ರೇ, ಮೊದಲು 'ಬೈ' ಮತ್ತು 'ವಿತ್' ಬೇರೆ ಮಾಡಿ. ಕೆಲಸ ಮಾಡಿದವರು ಯಾರು ಅಂತ ಕೇಳಿದರೆ ಬೈ. ಯಾವ ಸಾಮಾನು ಹಿಡಿದು ಮಾಡಿದರು ಅಂತ ಕೇಳಿದರೆ ವಿತ್. 'ಮರ ಕಡಿದದ್ದು ಬೈ ರಾಜು, ವಿತ್ ಕೊಡಲಿ.' ಇಷ್ಟು ತಲೆಗೆ ಹೋದರೆ ಅರ್ಧ ಗೆದ್ದಂತೆ.

ಆಮೇಲೆ ಕೆಲಸ ನಡೆದ ರೀತಿ, ಮಾರ್ಗ. ಬೈ ಪೋಸ್ಟ್, ಬೈ ಹ್ಯಾಂಡ್, ಬೈ ಚೆಕ್. ಇಲ್ಲಿ 'ಎ' ಆಗಲಿ 'ದ' ಆಗಲಿ ಬರುವುದಿಲ್ಲ. ಕನ್ನಡದಲ್ಲಿ ಇದಕ್ಕೆ 'ಮೂಲಕ' ಇದೆ. ನಮ್ಮ ಕಚೇರಿ ಪತ್ರದ ಮೇಲೆ 'ನೋಂದಾಯಿತ ಅಂಚೆ ಮೂಲಕ' ಅಂತ ಬರೆಯುತ್ತಿದ್ದೆವು. ಜವಾನನ ಕೈಲಿ ಕಳಿಸುವುದಾದರೆ 'ಮುದ್ದಾಂ ಮೂಲಕ'. ಈಗಿನ ಹುಡುಗರು ಅದಕ್ಕೂ 'ಬೈ ಹ್ಯಾಂಡ್' ಅಂತಲೇ ಬರೆದು ಗೆರೆ ಎಳೆಯುತ್ತಾರೆ.

ಕುಡ್ಲದ ಮಾಣಿ:
ಮುದ್ದಾಂ! ಈ ಪದ ಕೇಳದೆ ಎಷ್ಟು ವರ್ಷ ಆಯ್ತು ಮಾರಾಯ್ರೆ.

ಪದಚೋರ:
ಸೂತ್ರ ಇದೆ ಸರ್. 'ಬೈ'ನ ಮೂಲ ಅರ್ಥ 'ಹತ್ತಿರ, ಪಕ್ಕದಲ್ಲಿ' ಅಷ್ಟೇ. ಹಳೆಯ ಇಂಗ್ಲಿಷಿನಲ್ಲಿ ಅದು 'ಬಿ' ಅಥವಾ 'ಬೆ'. ಜರ್ಮನ್ನರ 'ಬೈ', ಡಚ್ಚರ 'ಬೆಯ್' ಇದರ ಅಣ್ಣತಮ್ಮಂದಿರು. ಜರ್ಮನ್‌ನಲ್ಲಿ ಇವತ್ತಿಗೂ ಅದು ಹತ್ತಿರ ಅನ್ನುವ ಅರ್ಥದಲ್ಲೇ ಇದೆ. 'ಇವನಿಂದ ಮಾಡಲಾಯಿತು' ಅನ್ನುವುದಕ್ಕೆ ಅವರು 'ಫಾನ್' ಅಂತ ಬೇರೆಯೇ ಪದ ಬಳಸುತ್ತಾರೆ.

ಮಜಾ ಕೇಳಿ. ಬಿಫೋರ್, ಬಿಹೈಂಡ್, ಬಿಲೋ, ಬಿಯಾಂಡ್, ಬಿಟ್ವೀನ್, ಬಿಸೈಡ್. ಇವುಗಳ ತಲೆಯಲ್ಲಿ ಕೂತಿರುವ 'ಬಿ' ಇದೇ 'ಬೈ'. 'ಬಿಕಾಸ್' ಕೂಡ ಮೊದಲು 'ಬೈ ಕಾಸ್' ಆಗಿತ್ತು, ಅಂದರೆ 'ಕಾರಣದಿಂದ'.

ಗೈಡಿನವರು ಮೊದಲ ಅರ್ಥ ಅಂತ ಕೊಡುವ ಆ 'ಇಂದ' ಇದೆಯಲ್ಲ, ಅದು ತಡವಾಗಿ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ಆ ಕೆಲಸವನ್ನು 'ಫ್ರಮ್' ಮಾಡುತ್ತಿತ್ತು, ಆಮೇಲೆ 'ಆಫ್' ಮಾಡಿತು. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ಯೇಸು ಸೈತಾನನಿಂದ ಶೋಧನೆಗೆ ಒಳಗಾಗುವ ಜಾಗ ನೋಡಿ. 'ಟೆಂಪ್ಟೆಡ್ ಆಫ್ ದ ಡೆವಿಲ್' ಅಂತಲೇ ಇದೆ, 'ಬೈ' ಇಲ್ಲ.

ಕುಡ್ಲದ ಮಾಣಿ:
ಎಂತ ಹೇಳೋದು, ಮೇಷ್ಟ್ರು ಕೇಳಿದ್ದು ಹತ್ತನೇ ಕ್ಲಾಸಿನ ಮಕ್ಕಳಿಗೆ ದಾರಿ. ನೀವು 1611ಕ್ಕೆ ಕರ್ಕೊಂಡು ಹೋದ್ರಿ. ಮಕ್ಕಳು ವಾಪಸ್ ಬರ್ತಾರಾ?

ಪದಚೋರ:
ಬರ್ತಾರೆ ಮಾಣಿ, ಸ್ವಲ್ಪ ತಾಳ್ಮೆ ಇರಲಿ. ಕಿಟಕಿಯ ಪಕ್ಕ, ಇದು ಒಂದು. ಪಕ್ಕದಲ್ಲೇ ಹಾದುಹೋಗುವುದು, ಇದು ಎರಡು. ಯಾವ ದಾರಿ ಹಾದು ಬಂದೆ ಅನ್ನುವುದು ಮೂರು. ದಾರಿ ಆದಮೇಲೆ ಯಾವ ಗಾಡಿ, ಯಾವ ವಿಧಾನ. ವಿಧಾನ ಆದಮೇಲೆ ಯಾರ ಕೈಯಿಂದ. ಒಂದರ ಬಾಲ ಹಿಡಿದು ಇನ್ನೊಂದು ಬಂದಿದೆ. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದರೆ ಮಕ್ಕಳಿಗೆ ಇಷ್ಟ ಆಗುತ್ತೆ.

ಕೋಡ್ ಕೋಳಿ:
ಒಪ್ಪಲ್ಲ ಗುರು. ಉತ್ತರ ಗೊತ್ತಾದ ಮೇಲೆ ಸರಪಳಿ ಯಾರು ಬೇಕಾದ್ರೂ ಹೆಣೀಬಹುದು. ಬೆಲೆ ಹತ್ತು ರೂಪಾಯಿ ಹೆಚ್ಚಾಯ್ತು, 'ಬೈ ಟೆನ್ ರುಪೀಸ್'. ಇದರಲ್ಲಿ ಯಾರು ಯಾರ ಪಕ್ಕದಲ್ಲಿದ್ದಾರೆ? 'ಐ ಸ್ವೇರ್ ಬೈ ಗಾಡ್' ಅಂದಾಗ ದೇವರು ಪಕ್ಕದ ಸೀಟಿನಲ್ಲಿ ಕೂತಿದ್ದಾನಾ? ಮೂಲ ಅರ್ಥ ತಿಳಿದ ಮಗು ಇವೆರಡನ್ನು ತಾನಾಗಿಯೇ ಊಹಿಸಲಿ ನೋಡೋಣ. ಆಗಲ್ಲ. ಬಳಕೆ ನೋಡಿ ನೋಡಿಯೇ ಬರಬೇಕು.

ಪದಚೋರ:
ದೇವರು ಪಕ್ಕದಲ್ಲೇ ಇದ್ದಾನೆ ಅಂತ ನಂಬಿದ್ದಕ್ಕೇ ಆ ಮಾತು ಹುಟ್ಟಿದ್ದು ಅನ್ನಬಹುದಲ್ಲ. ದೇವರ ಸನ್ನಿಧಿಯಲ್ಲಿ ಆಣೆ.

ಕೋಡ್ ಕೋಳಿ:
ಮತ್ತೆ ಕನ್ನಡದವರು ದೇವರ 'ಮೇಲೆ' ಆಣೆ ಇಡ್ತೀವಿ. ನಾವು ಹತ್ತಿ ಕೂತಿದ್ದೀವಾ?

ಹಾಸನದ ಹುಡುಗಿ:
😂😂 ಇಬ್ಬರೂ ಸ್ವಲ್ಪ ನೀರು ಕುಡಿಯಿರಿ.

ಧಾರವಾಡ ಪೇಡೆ:
ಮೇಷ್ಟ್ರ, ನಿಮ್ಮ ಹುಡುಗರಿಗೆ ಪೇಪರ್ ತೋರಿಸ್ರಿ. 'ಸಚಿವರಿಂದ ಉದ್ಘಾಟನೆ', 'ಶಾಸಕರಿಂದ ಗುದ್ದಲಿ ಪೂಜೆ', 'ಪೊಲೀಸರಿಂದ ಕಳ್ಳನ ಬಂಧನ'. ಜಾತ್ರೆ ಪೋಸ್ಟರಿನಾಗ 'ಇವರಿಂದ ಹರಿಕಥೆ'. ಇವೆಲ್ಲ ಚೊಕ್ಕ 'ಬೈ' ಅದಾವ. ಯಾರಿಂದ ಅಂತ ಕೇಳಿದರ ಮನುಷ್ಯಾರ ಹೆಸರು ಬಂತೋ, 'ಬೈ' ಹಾಕು. ಚಾಕು, ಜ್ವರ, ಮುಂಜಾನೆ ಬಂತೋ, ಬಿಡು. ಮಕ್ಕಳಿಗೆ ಇಷ್ಟ ಸಾಕಲ್ರೀ?

ನಿವೃತ್ತ ಗುಮಾಸ್ತ:
ನೂರಕ್ಕೆ ತೊಂಬತ್ತು ಕಡೆ ನಡೆಯುತ್ತೆ ಪೇಡೆಯವರೇ. ಆದರೆ ಸಿಡಿಲಿನಿಂದ ಮರ ಸುಟ್ಟರೂ ಬೈ, ಪ್ರವಾಹದಿಂದ ಸೇತುವೆ ಮುರಿದರೂ ಬೈ. ಅಲ್ಲಿ ಮನುಷ್ಯರಿಲ್ಲ. ಯಾರೂ ಕೈಯಲ್ಲಿ ಹಿಡಿಯದೆ ತಾನಾಗಿಯೇ ಕೆಲಸ ಮಾಡುವ ಶಕ್ತಿ ಅಂತ ಹೇಳಿ.

ಇನ್ನೊಂದು. 'ನನಗೆ ಗೊತ್ತಿರುವ' ಅನ್ನುವುದು 'ನೋನ್ ಟು ಮಿ'. ಬೈ ಅಲ್ಲ. ಪ್ಯಾಸಿವ್ ಕಂಡ ತಕ್ಷಣ ಬೈ ಬರೆಯುವ ಚಾಳಿಯನ್ನೂ ಬಿಡಿಸಬೇಕು.

ಮೌನಿ ಅಲ್ಲ:
'ನನ್ನ ಕೈಲಿ ಆಗಲ್ಲ' ಅನ್ನುತ್ತೀವಲ್ಲ, ಅದೂ ಒಂದು ಥರ ಬೈ ತಾನೇ? 'ಮಗನ ಕೈಲಿ ದುಡ್ಡು ಕಳಿಸು'. ನಮ್ಮಲ್ಲಿ ಆ ಕೆಲಸಕ್ಕೆ ಕೈಯನ್ನೇ ಇಟ್ಟುಕೊಂಡಿದ್ದೀವಿ.

ತುಮಕೂರು ಮೇಷ್ಟ್ರು:
ಪೋಸ್ಟರ್ ಐಡಿಯಾ ಚೆನ್ನಾಗಿದೆ, ನಾಳೆಯೇ ಮಾಡ್ತೀನಿ. ಈಗ 'ಬೈ ಫ್ರೈಡೇ'ಗೆ ಬನ್ನಿ. ಶುಕ್ರವಾರದ ಒಳಗೆ ಅಂತ ಹೇಳಿಕೊಡುತ್ತಿದ್ದೇನೆ. ಒಬ್ಬ ಹುಡುಗ ಎದ್ದು, 'ಒಳಗೆ ಅಂದ್ರೆ ಗುರುವಾರವೇ ಕೊಡಬೇಕಾ ಸಾರ್?' ಅಂದ.

ಕೋಡ್ ಕೋಳಿ:
ಆ ಹುಡುಗನಿಗೆ ಐಟಿ ಕಂಪನಿಯಲ್ಲಿ ಕೆಲಸ ಗ್ಯಾರಂಟಿ. ನಮ್ಮ ಟೀಮಿನಲ್ಲಿ ಇದೇ ಜಗಳ. ಕ್ಲೈಂಟು 'ಬೈ ಫ್ರೈಡೇ' ಅಂತ ಮೇಲ್ ಹಾಕಿದ. ನಮ್ಮವರು ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಕಳಿಸಿದರು. ಅವನ ಪ್ರಕಾರ ಶುಕ್ರವಾರ ಬೆಳಗ್ಗೆ ಅವನು ಆಫೀಸಿಗೆ ಬರುವಾಗ ಮೇಜಿನ ಮೇಲೆ ಇರಬೇಕಿತ್ತು. ಮ್ಯಾನೇಜರು ಡಿಕ್ಷನರಿ ತೆಗೆದು ತೋರಿಸಿದ. 'ಆ ದಿನದ ನಂತರ ಅಲ್ಲ' ಅಂತಿದೆ, ಅಂದರೆ ಶುಕ್ರವಾರವೂ ಸೇರಿತು. ಕ್ಲೈಂಟು ಡಿಕ್ಷನರಿ ನೋಡಿ ದುಡ್ಡು ಕೊಡ್ತಾನಾ?

ನಿವೃತ್ತ ಗುಮಾಸ್ತ:
ಅದಕ್ಕೇ ಟೆಂಡರ್ ಕಾಗದದಲ್ಲಿ ಬರೀ 'ಬೈ' ಬರೆಯುವುದಿಲ್ಲ. 'ಆನ್ ಆರ್ ಬಿಫೋರ್' ಅಂತ ಹಾಕಿ, ಪಕ್ಕದಲ್ಲಿ ಸಂಜೆ 5.30 ಅಂತಲೂ ಬರೆಯುತ್ತಾರೆ. ಕನ್ನಡದಲ್ಲಿ 'ಸದರಿ ದಿನಾಂಕದಂದು ಅಥವಾ ಅದಕ್ಕೂ ಮುಂಚಿತವಾಗಿ'. ಉದ್ದ ಆದರೂ ತಕರಾರಿಗೆ ಜಾಗ ಇಲ್ಲ.

ಲೀಡ್ಸ್ ನರ್ಸಮ್ಮ:
'ಬೈ' ಮತ್ತು 'ಅಂಟಿಲ್' ಗೊಂದಲವನ್ನೂ ಹೇಳಿಕೊಡಿ ಮೇಷ್ಟ್ರೇ. 'ಐದರ ತನಕ ಇರ್ತೀನಿ' ಅನ್ನುವುದು ಅಂಟಿಲ್. 'ಐದರ ಒಳಗೆ ಮುಗಿಸ್ತೀನಿ' ಅನ್ನುವುದು ಬೈ. ಒಂದು ನಡೀತಾ ಇರುವ ಕೆಲಸ, ಇನ್ನೊಂದು ಒಮ್ಮೆ ಆಗಿ ಮುಗಿಯುವ ಕೆಲಸ. 'ಐ ವಿಲ್ ಬಿ ಹಿಯರ್ ಬೈ ಫೈವ್' ಅಂದರೆ ಐದಕ್ಕೆ ಮೊದಲೇ ಬಂದು ಸೇರ್ತೀನಿ ಅಂತ. 'ಅಂಟಿಲ್ ಫೈವ್' ಅಂದರೆ ಐದಕ್ಕೆ ಹೊರಡ್ತೀನಿ ಅಂತ. ಡ್ಯೂಟಿ ಬದಲಾಗುವಾಗ ಇದು ಅದಲುಬದಲಾದರೆ ವಾರ್ಡಿನಲ್ಲಿ ಯಾರೂ ಇರುವುದಿಲ್ಲ!

ಇನ್ನೊಂದು ತಮಾಷೆ. ನಾನು ಇಲ್ಲಿ ಸೇರಿದ ಹೊಸದರಲ್ಲಿ ಬಿಪಿ ಓದಿ 'ಒನ್ ತರ್ಟಿ ಬೈ ನೈಂಟಿ' ಅಂದೆ. ಎದುರಿಗಿದ್ದವಳು ಪೆನ್ ಹಿಡಿದುಕೊಂಡು ಮುಂದೇನು ಅಂತ ನನ್ನ ಮುಖ ನೋಡಿದಳು. ಇಲ್ಲಿ ಅದು 'ಒನ್ ತರ್ಟಿ ಓವರ್ ನೈಂಟಿ'. ನಮ್ಮ ವಾರ್ಡಿನ ಕೇರಳದ ನರ್ಸುಗಳೂ ಬೈ ಅನ್ನುವವರೇ. ಓರೆ ಗೆರೆ ಕಂಡರೆ 'ಬೈ' ಅಂತ ಓದುವುದು ನಮ್ಮ ಕಡೆಯ ಇಂಗ್ಲಿಷ್ ಅಂತ ಇಲ್ಲಿಗೆ ಬಂದ ಮೇಲೆಯೇ ಗೊತ್ತಾಗಿದ್ದು.

ಎರಡು ಲೋಟ:
ಅಯ್ಯೋ ಹೌದಾ? ಹಾಗಾದ್ರೆ 'ಟ್ವೆಂಟಿಫೋರ್ ಬೈ ಸೆವೆನ್'?

ಲೀಡ್ಸ್ ನರ್ಸಮ್ಮ:
ಇಲ್ಲಿ ಬರೀ 'ಟ್ವೆಂಟಿಫೋರ್ ಸೆವೆನ್'. ಮಧ್ಯದಲ್ಲಿ ಏನೂ ಇಲ್ಲ.

ಮೌನಿ ಅಲ್ಲ:
ಕಣ್ಣಿನ ಡಾಕ್ಟರು 'ಸಿಕ್ಸ್ ಬೈ ಸಿಕ್ಸ್' ಅನ್ನುವುದೂ ಇದೇ ಲೆಕ್ಕವಾ?

ಲೀಡ್ಸ್ ನರ್ಸಮ್ಮ:
ಹೌದು, ಇಲ್ಲಿ 'ಸಿಕ್ಸ್ ಸಿಕ್ಸ್'. ಆ ಆರು ಅಂದರೆ ಆರು ಮೀಟರ್ ದೂರ. ಅಮೆರಿಕದವರು ಅಡಿಯಲ್ಲಿ ಅಳೆಯುವುದರಿಂದ 'ಟ್ವೆಂಟಿ ಟ್ವೆಂಟಿ' ಅನ್ನುತ್ತಾರೆ. ನಿಮ್ಮದು 6/12 ಬಂದರೆ, ಸರಿಯಾದ ಕಣ್ಣಿಗೆ ಹನ್ನೆರಡು ಮೀಟರಿಂದ ಕಾಣುವ ಅಕ್ಷರ ನಿಮಗೆ ಆರು ಮೀಟರಿಗೆ ಬಂದರೆ ಮಾತ್ರ ಕಾಣುತ್ತೆ ಅಂತ ಅರ್ಥ.

ಸೈಟು ಸುಬ್ಬ:
ಓರೆ ಗೆರೆಯ ವಿಷಯ ಬಂತಲ್ಲ, ನನ್ನ ತಕರಾರು ಕೇಳಿ. ನಾನು ಸೈಟು ಮಾರುವವನು. 'ತರ್ಟಿ ಬೈ ಫಾರ್ಟಿ' ಅಂದರೆ ಗುಣಿಸಬೇಕು, 1,200 ಚದರಡಿ. ಅದೇ ಬಾಯಲ್ಲಿ 'ತ್ರೀ ಬೈ ಫೋರ್' ಅಂದರೆ ಭಾಗಿಸಬೇಕು, ಮುಕ್ಕಾಲು. ಮನೆ ನಂಬರು 'ಟ್ವೆಲ್ವ್ ಬೈ ತ್ರೀ' ಅಂದರೆ ಗುಣಿಸಲೂಬಾರದು, ಭಾಗಿಸಲೂಬಾರದು. ಒಂದೇ ಪದ ಮೂರು ಕಡೆ ಮೂರು ಆಟ ಆಡುತ್ತೆ. ಇಂಗ್ಲಿಷಿನವರಿಗೆ ತಲೆ ಕೆಡಲ್ವಾ?

ಕೋಡ್ ಕೋಳಿ:
ಕೆಡಲ್ಲ ಸುಬ್ಬಣ್ಣ, ಯಾಕಂದ್ರೆ ಅವರು ಮುಕ್ಕಾಲಿಗೆ 'ತ್ರೀ ಕ್ವಾರ್ಟರ್ಸ್' ಅಥವಾ 'ತ್ರೀ ಓವರ್ ಫೋರ್' ಅಂತಾರೆ. ಅವರ ಕಿವಿಗೆ 'ತ್ರೀ ಬೈ ಫೋರ್' ಬಿದ್ದರೆ ಮೂರಡಿ ಅಗಲ, ನಾಲ್ಕಡಿ ಉದ್ದ. ನಮ್ಮ ಮೇಷ್ಟ್ರುಗಳು 'ತ್ರೀ ಡಿವೈಡೆಡ್ ಬೈ ಫೋರ್' ಅನ್ನುವುದರಲ್ಲಿ ನಡುವಿನ ಪದ ನುಂಗಿಬಿಟ್ಟರು. ಉಳಿದದ್ದು ಬೈ.

ತುಮಕೂರು ಮೇಷ್ಟ್ರು:
ಇಲ್ಲಿ ಮಾತ್ರ ನಮ್ಮ ಗೈಡಿನ 'ಇಂದ' ಪಾಸಾಗುತ್ತೆ ನೋಡಿ. 'ನಾಲ್ಕರಿಂದ ಭಾಗಿಸಿ', 'ನಾಲ್ಕರಿಂದ ಗುಣಿಸಿ'. ಎರಡಕ್ಕೂ ಇಂಗ್ಲಿಷಿನಲ್ಲಿ ಬೈ, ಕನ್ನಡದಲ್ಲಿ ಇಂದ.

ನಿವೃತ್ತ ಗುಮಾಸ್ತ:
ನಮ್ಮ ಕಾಲದಲ್ಲಿ ಭಿನ್ನರಾಶಿಗೆ ಬೈ ಬೇಕಾಗಿರಲಿಲ್ಲ. ಕಾಲು, ಅರೆ, ಮುಕ್ಕಾಲು, ಅರೆಕಾಲು, ವೀಸ. ಕಾಲು ಮಗ್ಗಿ, ಅರೆ ಮಗ್ಗಿ ಅಂತ ರಾಗವಾಗಿ ಹೇಳಿಸುತ್ತಿದ್ದರು. ವೀಸ ಅಂದರೆ ಹದಿನಾರರಲ್ಲಿ ಒಂದು. ಈಗ ವೀಸಾ ಅಂದರೆ ಮೊಮ್ಮಕ್ಕಳು ಪಾಸ್‌ಪೋರ್ಟ್ ತರುತ್ತಾರೆ.

ಎರಡು ಲೋಟ:
ನನ್ನ ಕಾಫಿಗೂ ನ್ಯಾಯ ಕೊಡಿ. 'ಒನ್ ಬೈ ಟು' ಅಂದರೆ ಒಂದನ್ನು ಎರಡು ಮಾಡು. ಆಮೇಲೆ ಆ 'ಒನ್' ಉದುರಿ ಬೈಟು ಆಯ್ತು. ಮೂರು ಜನ ಇದ್ರೆ 'ಟು ಬೈ ತ್ರೀ' ಅಂತೀವಿ. ಮಾಣಿ ಕಣ್ಣು ಮುಚ್ಚಿ ಸುರಿದರೂ ಮೂರು ಲೋಟದಲ್ಲೂ ಸಮ ಇರುತ್ತೆ. ಈಗ ರೆಸ್ಟೋರೆಂಟುಗಳಲ್ಲಿ ಸೂಪು ಕೂಡ ಬೈಟು. ಮುಂಬೈನಲ್ಲಿ ಬೈಟು ಅಂದರೆ ಯಾರಿಗೂ ಗೊತ್ತಾಗಲ್ಲ, ಅಲ್ಲಿ 'ಕಟಿಂಗ್' ಕೇಳಬೇಕು.

ಕುಡ್ಲದ ಮಾಣಿ:
ಹೋಟೆಲ್ ಮಾಣಿ ವಿಷಯ ಬಂದಾಗ ನನ್ನನ್ನು ಟ್ಯಾಗ್ ಮಾಡ್ಬೇಡಿ. ನಾನು ಮಾಣಿ ಅಂದ್ರೆ ಹುಡುಗ ಅಂತ, ಸಪ್ಲೈಯರ್ ಅಲ್ಲ.

ಧಾರವಾಡ ಪೇಡೆ:
ಬಸ್ಸಿನ ಸೀಟು ಮರೀಬ್ಯಾಡ್ರಿ. 'ಟು ಬೈ ಟು' ಇದ್ದರ ಆರಾಮ, 'ತ್ರೀ ಬೈ ಟು' ಇದ್ದರ ನಡುವಿನ ಸೀಟು ನಮ್ಮ ಹಣೆಬರಹ. ಅಲ್ಲೆ ಗುಣಾಕಾರನೂ ಇಲ್ಲ, ಭಾಗಾಕಾರನೂ ಇಲ್ಲ. ಈ ಕಡೆ ಮೂರು, ಆ ಕಡೆ ಎರಡು, ಅಷ್ಟ.

ಸೈಟು ಸುಬ್ಬ:
ನೋಡಿ, ನಾಲ್ಕನೇ ಆಟ.

ಎಲ್‌ಬಿಡಬ್ಲ್ಯೂ:
ಕ್ರಿಕೆಟ್ ಇಲ್ಲದೆ ಹೇಗೆ ಮುಗಿಯುತ್ತೆ? ಬ್ಯಾಟಿಗೂ ತಾಗದೆ ಮೈಗೂ ತಾಗದೆ ಚೆಂಡು ಪಕ್ಕದಲ್ಲಿ ಹಾದುಹೋಗಿ ಓಡಿ ತೆಗೆದ ರನ್ 'ಬೈ'. ಕಾಲಿಗೋ ಮೈಗೋ ತಾಗಿ ಹೋದರೆ 'ಲೆಗ್ ಬೈ'. ಕಾಗುಣಿತದ ಕೊನೆಗೆ ಒಂದು 'ಇ' ಜಾಸ್ತಿ ಇದೆ, ಪದ ಅದೇ. ಪದಚೋರರ ಪಕ್ಷಕ್ಕೆ ಒಂದು ಓಟು ನನ್ನದು.

ಅಂಪೈರು ಒಂದು ಕೈ ಬಿಚ್ಚಿ ತಲೆ ಮೇಲೆ ಎತ್ತಿದರೆ ಬೈ. ಈ ರನ್ ಬ್ಯಾಟರ್ ಖಾತೆಗೂ ಇಲ್ಲ, ಬೌಲರ್ ತಲೆಗೂ ಇಲ್ಲ. ವೈಡು, ನೋಬಾಲು ಬೌಲರ್ ಲೆಕ್ಕಕ್ಕೆ ಬೀಳುತ್ತವೆ. ಬೈ ಮಾತ್ರ ಬೀಳಲ್ಲ. ಜನ ಕೀಪರ್ ಮುಖ ನೋಡ್ತಾರೆ ಅಷ್ಟೇ.

ಹಾಸನದ ಹುಡುಗಿ:
ಕಬಡ್ಡಿ ಟೂರ್ನಿಯಲ್ಲಿ 'ನಮ್ಮ ಟೀಮಿಗೆ ಬೈ ಸಿಕ್ತು' ಅಂತಾರಲ್ಲ, ಆಡದೇ ಮುಂದಿನ ರೌಂಡಿಗೆ ಹೋಗೋದು?

ಎಲ್‌ಬಿಡಬ್ಲ್ಯೂ:
ಅದೂ ಇದೇ ಪದ. ನಾಕೌಟಿಗೆ 13 ಟೀಮ್ ಬಂದರೆ 16ರ ಪಟ್ಟಿಯಲ್ಲಿ ಮೂರು ಜಾಗ ಖಾಲಿ. ಅಲ್ಲಿ ಮೂರು ಟೀಮಿಗೆ ಬೈ. ನಮ್ಮೂರ ಟೂರ್ನಿಯಲ್ಲಿ ಆ ಮೂರು ಯಾರು ಅಂತ ಚೀಟಿ ಎತ್ತುವಾಗಲೇ ಅರ್ಧ ಜಗಳ ಮುಗಿದಿರುತ್ತೆ.

ಮೌನಿ ಅಲ್ಲ:
ಬೈ ಎಲೆಕ್ಷನ್, ಬೈಪಾಸ್, ಬೈಲಾ? ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ದಿನಾ ಬೈಲಾ ಬೈಲಾ ಅಂತ ಕಿರುಚಾಡ್ತಾರೆ.

ಪದಚೋರ:
ಮೊದಲೆರಡು 'ಪಕ್ಕದ, ಉಪ' ಅನ್ನುವ ಅರ್ಥ. ಮುಖ್ಯ ಚುನಾವಣೆಯ ಪಕ್ಕಕ್ಕೆ ಉಪಚುನಾವಣೆ, ಊರಿನ ಪಕ್ಕಕ್ಕೆ ಬೈಪಾಸ್.

ಬೈಲಾ ಮಾತ್ರ ಬೇರೆ ಜಾತಕ. ವೈಕಿಂಗರ ಹಳೆಯ ನಾರ್ಸ್ ಭಾಷೆಯಲ್ಲಿ ಊರಿಗೆ 'ಬೀ' ಎನ್ನುವಂಥ ಪದ ಇತ್ತು. ಬೈಲಾದ ಬೇರು ಅಲ್ಲಿದೆ ಅಂತ ಡಿಕ್ಷನರಿಗಳು ಹೇಳುತ್ತವೆ. ಊರಿನ ಕಟ್ಟಳೆ ಅಂತ ಅರ್ಥ. ವೈಕಿಂಗರು ಬಂದು ನೆಲೆಸಿದ ಇಂಗ್ಲೆಂಡಿನ ಊರುಗಳ ಬಾಲದಲ್ಲೂ ಅದೇ ಇದೆ. ವಿಟ್ಬಿ, ಡರ್ಬಿ, ಗ್ರಿಮ್ಸ್ಬಿ. ನಮ್ಮ ಹಳ್ಳಿ, ಪುರ, ಊರು ಇದ್ದಹಾಗೆ. ಆಮೇಲೆ ಜನ ಅದನ್ನೂ ನಮ್ಮ 'ಬೈ' ಅಂತಲೇ ತಿಳಿದುಕೊಂಡರು.

ಎಲ್‌ಬಿಡಬ್ಲ್ಯೂ:
ರಗ್ಬಿ ಕೂಡ! ಆಟ ಹುಟ್ಟಿದ ಊರು.

ಲೀಡ್ಸ್ ನರ್ಸಮ್ಮ:
ರಗ್ಬಿ ಅಷ್ಟು ನೇರ ಇಲ್ಲ ತಮ್ಮಾ. 1086ರ ಡೂಮ್ಸ್‌ಡೇ ಅನ್ನುವ ಇಂಗ್ಲೆಂಡಿನ ಜಮೀನು ದಾಖಲೆಯಲ್ಲಿ ಅದರ ಹೆಸರು 'ರೋಚ್‌ಬೆರಿ' ಥರ ಇದೆ. ಅದರ ಬಾಲ ಕೋಟೆ ಅನ್ನುವ ಇಂಗ್ಲಿಷ್ ಪದ. ಸುತ್ತಮುತ್ತಲ 'ಬಿ' ಊರುಗಳನ್ನು ನೋಡಿ ಆಮೇಲೆ ಅದೂ 'ಬಿ' ಆಯ್ತು. ಇಲ್ಲಿಯ ಯಾರ್ಕ್‌ಶೈರಿನಲ್ಲಿ ಅಸಲಿ 'ಬಿ' ಊರುಗಳು ಹೆಜ್ಜೆಗೊಂದು ಇವೆ. ವಿಟ್ಬಿಗೆ ಬನ್ನಿ, ಮೀನು ಚಿಪ್ಸ್ ತಿನ್ನೋಣ.

ಮೌನಿ ಅಲ್ಲ:
ಮತ್ತೆ 'ಬೈ ಬೈ ಟಾಟಾ'?

ಪದಚೋರ:
ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 'ದೇವರು ನಿನ್ನ ಜೊತೆ ಇರಲಿ' ಅನ್ನುವ ಉದ್ದ ಮಾತು ಸವೆದು ಸವೆದು 'ಗುಡ್‌ಬೈ' ಆಯ್ತು. ಅದರ ಬಾಲ ಕತ್ತರಿಸಿ 'ಬೈ'.

ಇನ್ನು 'ಬೈ ಅಂಡ್ ಲಾರ್ಜ್' ಹಡಗಿನವರ ಮಾತು. ಗಾಳಿಗೆ ಆದಷ್ಟು ಎದುರಾಗಿ ಹಾಯಿ ಕಟ್ಟಿ ಹೋಗುವುದು 'ಬೈ', ಗಾಳಿ ಬೆನ್ನ ಕಡೆಯಿಂದ ಬೀಸುವಾಗ ಹೋಗುವುದು 'ಲಾರ್ಜ್'. ಎರಡರಲ್ಲೂ ಚೆನ್ನಾಗಿ ಸಾಗುವ ಹಡಗು 'ಒಟ್ಟಾರೆ' ಒಳ್ಳೆಯದು. ದಿಕ್ಸೂಚಿಯಲ್ಲೂ 'ನಾರ್ತ್ ಬೈ ಈಸ್ಟ್' ಇದೆ. ಉತ್ತರದಿಂದ ಪೂರ್ವಕ್ಕೆ ಒಂದೇ ಮನೆ, ಅಂದರೆ 11.25 ಡಿಗ್ರಿ. ಇಡೀ ಸುತ್ತಿನಲ್ಲಿ ಅಂಥ 32 ಮನೆಗಳು.

'ಬೈ ಅಂಡ್ ಬೈ' ಇನ್ನೂ ಮೋಸ. ಹಿಂದೆ ಅದಕ್ಕೆ 'ಈಗಿಂದೀಗಲೇ' ಅಂತ ಅರ್ಥ. ಈಗ 'ನಿಧಾನಕ್ಕೆ ಯಾವಾಗಲೋ'.

ನಿವೃತ್ತ ಗುಮಾಸ್ತ:
ನಮ್ಮ ಕಚೇರಿಯ 'ಕೂಡಲೇ ಕ್ರಮ ಕೈಗೊಳ್ಳಲಾಗುವುದು' ಅದೇ ದಾರಿ ಹಿಡಿದಿದೆ.

ತುಮಕೂರು ಮೇಷ್ಟ್ರು:
ಎಲ್ಲರೂ ಎಲ್ಲಿಗೋ ಹೋಗಿಬಿಟ್ಟಿರಿ. ಮಕ್ಕಳ ಪರೀಕ್ಷೆಗೆ ವಾಪಸ್ ಬನ್ನಿ. 'ಬೈ ವಾಕ್' ತಪ್ಪು ಅಂದರೆ ಯಾರೂ ನಂಬುತ್ತಿಲ್ಲ. ಬೈ ಬಸ್, ಬೈ ಟ್ರೈನ್ ಸರಿ ಇರುವಾಗ ಇದು ಯಾಕೆ ತಪ್ಪು ಅಂತ ಕೇಳುತ್ತಾರೆ.

ಹಾಸನದ ಹುಡುಗಿ:
'ನಟರಾಜ ಸರ್ವಿಸ್' ಅಂತ ಬರೆಸಿ ಸಾರ್.

ಲೀಡ್ಸ್ ನರ್ಸಮ್ಮ:
'ಆನ್ ಫುಟ್' ಅಂತ ಹೇಳಿಕೊಡಿ. ಬೈ ಬರುವುದು ನಿಮ್ಮನ್ನು ಹೊತ್ತೊಯ್ಯುವ ವಾಹನಕ್ಕೆ. ಅದರ ಮುಂದೆ ಏನೂ ಇರಬಾರದು. 'ಬೈ ಕಾರ್' ಸರಿ. 'ಬೈ ಮೈ ಕಾರ್' ಅಲ್ಲ, 'ಇನ್ ಮೈ ಕಾರ್'. 'ಬೈ ಬಸ್' ಸರಿ. 'ಎಂಟೂವರೆ ಬಸ್ಸಿನಲ್ಲಿ' ಅಂದರೆ 'ಆನ್ ದ ಏಟ್ ತರ್ಟಿ ಬಸ್'. ಗೊತ್ತಾದ ಬಸ್ಸು ಬಂದ ಕೂಡಲೇ ಬೈ ಇಳಿದುಹೋಗುತ್ತೆ.

ಕೋಡ್ ಕೋಳಿ:
ಲೆಕ್ಕದ 'ಬೈ' ಕೂಡ ಹೇಳಿಕೊಡಿ, ಅದು ದುಡ್ಡಿನ ವಿಷಯ. ಲೀಟರಿಗೆ 50 ಇದ್ದದ್ದು 55 ಆದರೆ ಏರಿದ್ದು 'ಬೈ ಫೈವ್', ಏರಿ ನಿಂತದ್ದು 'ಟು ಫಿಫ್ಟಿಫೈವ್', ಶೇಕಡಾ ಲೆಕ್ಕದಲ್ಲಿ 'ಬೈ ಟೆನ್ ಪರ್ಸೆಂಟ್'. ಎಷ್ಟು ಏರಿತು ಅನ್ನುವುದು ಬೈ, ಎಲ್ಲಿಗೆ ಏರಿತು ಅನ್ನುವುದು ಟು. ಬಡ್ಡಿ 8 ಪರ್ಸೆಂಟ್ ಇದ್ದು, ಬ್ಯಾಂಕು 'ಟು ಟೆನ್' ಅಂದಿದ್ದನ್ನು ನೀವು 'ಬೈ ಟೆನ್' ಅಂತ ಓದಿದರೆ ರಾತ್ರಿ ನಿದ್ದೆ ಬರಲ್ಲ.

ಡೇಟಾಬೇಸಿನಲ್ಲಿ ನಾವು ದಿನಾ ಬರೆಯುವ 'ಗ್ರೂಪ್ ಬೈ' ಮತ್ತೊಂದು ಥರ. ಯಾವುದರ ಪ್ರಕಾರ ಗುಂಪು ಮಾಡಬೇಕು ಅಂತ.

ನಿವೃತ್ತ ಗುಮಾಸ್ತ:
ಅದಕ್ಕೆ ನಮ್ಮಲ್ಲಿ 'ವಾರು' ಇದೆಯಲ್ಲ! ಜಿಲ್ಲಾವಾರು ಪಟ್ಟಿ, ತಾಲ್ಲೂಕುವಾರು ಪಟ್ಟಿ. ನೀವು ಕಂಪ್ಯೂಟರಿನಲ್ಲಿ ಮಾಡುವುದನ್ನು ನಾವು ಲೆಡ್ಜರಿನಲ್ಲಿ ಕೆಂಪು ಶಾಯಿಯಲ್ಲಿ ಮಾಡುತ್ತಿದ್ದೆವು.

ಕೋಡ್ ಕೋಳಿ:
ವಾರು! ಸೂಪರ್ ಸಾರ್. ಇನ್ಮೇಲೆ ನಮ್ಮ ಟೀಮಿನಲ್ಲಿ ಅದೇ.

ಧಾರವಾಡ ಪೇಡೆ:
ಕೂಲಿ ಲೆಕ್ಕನೂ ಸೇರಿಸ್ರಿ. ದಿನದ ಲೆಕ್ಕ, ಗಂಟೆ ಲೆಕ್ಕ, ಕಿಲೋ ಲೆಕ್ಕ. 'ಬೈ ದ ಡೇ', 'ಬೈ ದ ಅವರ್', 'ಬೈ ದ ಕಿಲೋ'. ಅಳತೆ ಬಂದಲ್ಲೆ ನಡುವ 'ದ' ಬೇಕು. 'ಒನ್ ಬೈ ಒನ್', 'ಲಿಟಲ್ ಬೈ ಲಿಟಲ್' ಅಂದಾಗ ಬ್ಯಾಡ. ಅಲ್ಲೆ ಕನ್ನಡದಾಗ ಪದಾನ ಎರಡು ಸಲ ಹೇಳಿದರ ಮುಗೀತು. ಒಬ್ಬೊಬ್ಬರಾಗಿ, ಸ್ವಲ್ಪ ಸ್ವಲ್ಪ.

ತುಮಕೂರು ಮೇಷ್ಟ್ರು:
ಇದು ಕೆಲಸಕ್ಕೆ ಬಂತು. ನಾನು ಅರ್ಥದ ಪಟ್ಟಿ ಬಿಟ್ಟು ಪ್ರಶ್ನೆ ಕೇಳಿಸುತ್ತೇನೆ. ಎಲ್ಲಿ ಕೂತ? ಯಾವಾಗಿನ ಒಳಗೆ? ಹೇಗೆ ಬಂದ? ಯಾರು ಮಾಡಿದ? ಎಷ್ಟು ಏರಿತು? ಯಾವ ಲೆಕ್ಕದಲ್ಲಿ? ಒಂದೊಂದು ಪ್ರಶ್ನೆಗೂ ಅವರ ಊರಿನದೇ ಒಂದೊಂದು ವಾಕ್ಯ. ಪದಚೋರರ ಬಾಣದ ಗುರುತು ಬೋರ್ಡಿನ ಮೂಲೆಯಲ್ಲಿ ಇರಲಿ, ಕೇಳಿದವರಿಗೆ ಮಾತ್ರ.

ಪದಚೋರ:
ಮೂಲೆಗೆ ತಳ್ಳಿದಿರಲ್ಲ ಸರ್.

ತುಮಕೂರು ಮೇಷ್ಟ್ರು:
ಪೋಸ್ಟರ್ ಪಾಠ ಆಯ್ತು, ಚೆನ್ನಾಗಿ ಹಿಡಿಸಿತು. ಆದರೆ ಕೊನೆಯಲ್ಲಿ ಒಬ್ಬಳು ಹುಡುಗಿ ಕೇಳಿದಳು. 'ಐ ಲಿವ್ ಬೈ ಮೈಸೆಲ್ಫ್' ಅಂದರೆ ನನ್ನ ಪಕ್ಕದಲ್ಲಿ ನಾನೇ ಇದ್ದೀನಾ ಸಾರ್, ಅಂತ.

ಪದಚೋರ:
ಹೌದು! ಪಕ್ಕದಲ್ಲಿ ತನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲ, ಅದಕ್ಕೇ ಒಬ್ಬಳೇ. ಯಾರೂ ಹೇಳಿಕೊಡದೆ ಸರಪಳಿ ಹಿಡಿದಿದ್ದಾಳೆ. ಕೋಳಿ, ಎಲ್ಲಿದ್ದೀರಿ?

ಕೋಡ್ ಕೋಳಿ:
ಇಲ್ಲೇ ಇದ್ದೀನಿ. ಅವಳು ಹಿಡಿದಿದ್ದು ನಿಮ್ಮ ಬಾಣ ನೋಡಿ ಅಲ್ಲ, ಆ ವಾಕ್ಯ ಕೇಳಿ. ನನ್ನ ಮಾತೇ ಗೆದ್ದಿದ್ದು.

ಎರಡು ಲೋಟ:
ಇಬ್ಬರೂ ಗಾಂಧಿ ಬಜಾರಿಗೆ ಬನ್ನಿ. ದುಡ್ಡು ನಂದು. ಅರ್ಧರ್ಧ ಬೇಡ, ಈ ಸಲ ಫುಲ್ ಕಾಫಿ.